ಹಣೆಯಿಲ್ಲದ ತಟ್ಟೆ

ನಮ್ಮ ತಾಂಡಾ, ಮುಂಡಗೋಡ ತಾಲೂಕು
ಭಾನುವಾರ, 16 ಫೆಬ್ರುವರಿ 2025

ಪ್ರೀತಿಯ ಯಾಡಿ,

ನಿನ್ನ ಮಗಳು ನೀಲಾ ಇಲ್ಲಿಂದಲೇ ನಿನ್ನ ಕಾಲು ಮುಟ್ಟಿದ್ದಾಳೆ, ಹಿಂದಕ್ಕೆ ಎಳೆದುಕೊಳ್ಳಬೇಡ. ಮೊಣಕಾಲಿನ ಬಾವು ಇಳಿಯಿತೇ? ಕ್ಯಾಸಲ್‌ರಾಕಿನ ಚಳಿಗೆ ಆ ಕ್ವಾರ್ಟರ್ಸಿನ ನೆಲದ ಮೇಲೆ ಬರಿಗಾಲಲ್ಲಿ ಓಡಾಡಬೇಡ ಎಂದು ಎಷ್ಟು ಸಲ ಹೇಳಿದ್ದೇನೆ. ಹೇಳಿದಾಗೆಲ್ಲ ಹೂಂ ಅನ್ನುತ್ತೀಯ, ಚಪ್ಪಲಿ ಮಾತ್ರ ಬಾಗಿಲಲ್ಲೇ ಇರುತ್ತದೆ. ಇದನ್ನು ನಿನಗೆ ಓದಿ ಹೇಳುತ್ತಿರುವ ಬಾಪುವಿಗೂ ನಮಸ್ಕಾರ. ಬಾಪು, ಜಗಳದ ಸಾಲು ಬಂದರೆ ಹಾರಿಸಿ ಓದುವ ಅಭ್ಯಾಸ ನಿಮಗಿದೆ. ಹಳಿ ಕಾಯುವವರು ನೀವು, ಒಂದು ಬೋಲ್ಟನ್ನೂ ನೋಡದೆ ಮುಂದೆ ಹೋಗುವವರಲ್ಲ. ಈ ಕಾಗದವನ್ನೂ ಹಾಗೆಯೇ ಓದಿ.

ಫೋನ್ ಮಾಡಿದರೆ ನೀನು ಒಲೆಯ ಮುಂದೆ ಇರುತ್ತೀಯಂತೆ, ಮತ್ತೆ ಮಾಡಿದರೆ ಟವರ್ ಇಲ್ಲವಂತೆ. ನನ್ನ ಜೊತೆ ಮಾತಾಡುವ ಮನಸ್ಸಿಲ್ಲ ಎಂದು ನನಗೆ ತಿಳಿಯುವುದಿಲ್ಲವೇ? ಬಾಪುವಿನ ಗ್ಯಾಂಗಿನ ಬಾಳೇಶಣ್ಣ ರಜೆಗೆ ಬಂದವನು ಮುಂಡಗೋಡದ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿ ಎಲ್ಲವನ್ನೂ ಹೇಳಿದ. ಕನ್ನಡಿ, ದಾರ, ಸೂಜಿ ತುಂಬಿದ ನಿನ್ನ ಚೀಲವನ್ನು ಪಕ್ಕದ ಮನೆಯ ಗೋದುಬಾಯಿಗೆ ಕೊಟ್ಟುಬಿಟ್ಟೆಯಂತೆ. "ನನ್ನ ಕೈ ಹತ್ತಿ ಮಗಳ ಕೆಲಸ ಕೆಟ್ಟಿತು. ಇನ್ನ ಸೂಜಿ ಮುಟ್ಟಂಗಿಲ್ಲ" ಅಂದೆಯಂತೆ. ಕೇಳಿ ಮೊದಲು ಸಿಟ್ಟು ಬಂತು, ಆಮೇಲೆ ಬಸ್ಸಿನ ಕಿಟಕಿಯ ಕಡೆ ಮುಖ ಮಾಡಿ ಅತ್ತುಬಿಟ್ಟೆ. ನೆಗಡಿ ಬಂತೆಂದು ಯಾರಾದರೂ ಮೂಗು ಕೊಯ್ದುಕೊಳ್ಳುತ್ತಾರೆಯೇ ಯಾಡಿ?

ಆ ದಿನದ್ದನ್ನು ನೀನು ಅರ್ಧ ನೋಡಿ ಓಡಿಹೋದೆ, ಬಾಪು ಅಂತೂ ಇರಲೇ ಇಲ್ಲ. ಇಬ್ಬರೂ ಪೂರ್ತಿ ಕೇಳಿ. ನಮ್ಮ ಹೈಸ್ಕೂಲಿನ ಮಕ್ಕಳಿಗಾಗಿ ನಾನು ತರಿಸಿದ್ದು ತಟ್ಟೆಯಾಕಾರದ ಮಾದರಿ ರಾಕೆಟ್ಟು. ಬಿಡಿ ಭಾಗಗಳು ಬರುತ್ತವೆ, ನಾವೇ ಅಂಟಿಸಿ ಜೋಡಿಸಬೇಕು. ರಟ್ಟಿನ ಅಗಲ ತಟ್ಟೆ, ನಡುವೆ ಒಂದು ಕೊಳವೆ, ಅದರೊಳಗೆ ಬೆರಳುದ್ದದ ಮದ್ದಿನ ಮೋಟಾರು. ನೆಟ್ಟಗೆ ನಿಲ್ಲಿಸಿದ ಕಬ್ಬಿಣದ ಕಡ್ಡಿಗೆ ಅದನ್ನು ಏರಿಸಿ, ದೂರ ನಿಂತು ಬ್ಯಾಟರಿಯ ಗುಂಡಿ ಒತ್ತಿದರೆ ಹಾರುತ್ತದೆ. ಚೂಪು ಮೂತಿಯದನ್ನೂ ತರಿಸಬಹುದಿತ್ತು. ಆದರೆ ಅದು ಮುಗಿಲು ಮುಟ್ಟಿ, ಗಾಳಿಗೆ ತೇಲಿ ತೇಗದ ಕಾಡಿಗೆ ಬಿದ್ದರೆ ಹುಡುಕುವವರು ಯಾರು? ತಟ್ಟೆಗೆ ಗಾಳಿಯೇ ಲಗಾಮು. ಹೆಚ್ಚು ಮೇಲೆ ಹೋಗುವುದಿಲ್ಲ, ಮದ್ದು ತೀರಿದ ಮೇಲೆ ಮುತ್ತುಗದ ಎಲೆಯ ಹಾಗೆ ಹತ್ತಿರದಲ್ಲೇ ಇಳಿಯುತ್ತದೆ. ಸಂಕ್ರಾಂತಿಗೆ ಬಂದ ನೀನು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ನಮ್ಮ ಮನೆಯಿಂದ ಹೊರಡುವುದು ಬೋಳಾಗಿ ಹೊರಡಬಾರದು ಎಂದು ಅಂಚಿಗೆ ಕೆಂಪು ಬಟ್ಟೆಯ ಪಟ್ಟಿ ಹೊಲಿದು ಕೂರಿಸಿದೆ. ಕನ್ನಡಿ, ಕವಡೆ ಯಾವುದನ್ನೂ ಬಿಡಲಿಲ್ಲ. ನಾನೂ ಬೇಡ ಅನ್ನಲಿಲ್ಲ. ನನ್ನ ಪಾಟಿಚೀಲದಿಂದ ಹಿಡಿದು ಬಿ.ಎಡ್. ಫೈಲಿನ ತನಕ ನಿನ್ನ ಕನ್ನಡಿ ಇಲ್ಲದೆ ಈ ತಾಂಡಾ ದಾಟಿದ್ದು ಯಾವುದಿದೆ?

ಭತ್ತ ಕೊಯ್ದ ಬಯಲಿನಲ್ಲಿ ಗುಂಡಿ ಒತ್ತಿದೆ. ತಟ್ಟೆ ಕಡ್ಡಿ ಬಿಡುತ್ತಲೇ ಒಂದು ಮಗ್ಗುಲಿಗೆ ವಾಲಿತು, ಮನೆಯೆತ್ತರವೂ ಏರದೆ ಬದುವಿನಾಚೆಯ ತಿಪ್ಪೆಗುಂಡಿಗೆ ಬಿತ್ತು. ಆಗ ನಮ್ಮ ಹೆಡ್‌ಮಾಸ್ತರ್ ಕರಿಬಸಪ್ಪ ಸರ್ ಎಲ್ಲರ ಮುಂದೆ, "ಮೇಡಂ, ಆ ಕನ್ನಡಿ ಬಿಚ್ಚಿ ಒಗೀರಿ. ವಿಜ್ಞಾನ ಐತಿ ಇದು, ಲಂಗದ ಅಂಗಡಿ ಅಲ್ಲ" ಅಂದರು. ಬಯಲಿಗೆ ಬಯಲೇ ನಕ್ಕಿತು. ನಾನು ತಿಪ್ಪೆಯಿಂದ ತಟ್ಟೆ ಎತ್ತಿಕೊಂಡು ಬರುವಷ್ಟರಲ್ಲಿ ನೀನು ಹಳಿಯಾಳದ ಬಸ್ಸು ಹತ್ತಿಬಿಟ್ಟಿದ್ದೆ. ನಗುವವರು ನಗಲಿ ಯಾಡಿ, ಆಡಿಕೊಳ್ಳುವವರ ಬಾಯಿಗೆ ಬೀಗ ಹಾಕಲಾಗುತ್ತದೆಯೇ? ನನಗೆ ಚುಚ್ಚಿದ್ದು ಬೇರೆ. ನನ್ನ ತರಗತಿಯಲ್ಲಿ ತಾಂಡಾದ ಹುಡುಗಿಯರಿದ್ದಾರೆ. ಅವರ ತಾಯಂದಿರು ನಮ್ಮ ಉಡುಗೆಯಲ್ಲಿ ಶಾಲೆಗೆ ಬಂದರೆ ಈ ಹುಡುಗಿಯರು ನಾಚಿ ಗೇಟಿನಲ್ಲೇ ಮಾತಾಡಿಸಿ ಕಳಿಸಿಬಿಡುತ್ತಾರೆ. ಅಂದು ಅವರೆಲ್ಲ ನೆಲ ನೋಡುತ್ತಾ ನಿಂತಿದ್ದರು. ಆಗಲೇ ತೀರ್ಮಾನ ಮಾಡಿದೆ, ಹಾರಿದರೆ ಇದು ಕನ್ನಡಿ ಹೊತ್ತುಕೊಂಡೇ ಹಾರಬೇಕು.

ಮನೆಗೆ ಬಂದು ತಟ್ಟೆಯನ್ನು ಒರೆಸಿ, ದಾರ ಕಟ್ಟಿ, ತಕ್ಕಡಿಯ ಪರಡಿಯಂತೆ ತೊಲೆಗೆ ತೂಗುಬಿಟ್ಟೆ. ಅದು ಒಂದೇ ಕಡೆಗೆ ತಲೆ ಬಗ್ಗಿಸಿ ನಿಂತಿತು. ನೋಡಿದರೆ ದೊಡ್ಡ ಕನ್ನಡಿಗಳೆಲ್ಲ ಆ ಕಡೆಗೇ, ಕವಡೆಯ ಸಾಲೂ ಆ ಕಡೆಗೇ. ಹಿಂಬದಿಗೆ ಬರೀ ದಾರದ ಕೆಲಸ. ನನಗೆ ಒಬ್ಬಳಿಗೇ ನಗು ತಡೆಯಲಾಗಲಿಲ್ಲ. ನೀನು ತಟ್ಟೆಗೆ ಹಣೆ ಮಾಡಿದ್ದೆ. ತಲೆಗೆ ಹೊದೆಯುವ ಬಟ್ಟೆಗೆ ಹಣೆಯ ಮೇಲೆ ಭಾರ ಇರಬೇಕು, ಇಲ್ಲದಿದ್ದರೆ ಗಾಳಿಗೆ ಜಾರುತ್ತದೆ. ನಿನಗೆ ನಿನ್ನ ತಾಯಿ ಕಲಿಸಿದ್ದು, ನೀನು ನನಗೆ ಕಲಿಸಿದ್ದು ಅದನ್ನೇ. ಪಾಪ, ಈ ತಟ್ಟೆಗೆ ಹಣೆಯೂ ಇಲ್ಲ, ಬೆನ್ನೂ ಇಲ್ಲ. ಸುತ್ತಲೂ ಸಮ ತೂಕ ಇದ್ದರೆ ಮಾತ್ರ ನೆಟ್ಟಗೆ ಏರುತ್ತದೆ. ಆದ ತಪ್ಪು ಇಷ್ಟೇ. ಇದರಲ್ಲಿ ನಿನ್ನ ಕೈಗುಣವೂ ಇಲ್ಲ, ಯಾರ ದೃಷ್ಟಿಯೂ ಇಲ್ಲ.

ಮರುದಿನ ಕರಿಬಸಪ್ಪ ಸರ್ ಮುಂದೆ ಹೋಗಿ ನಿಂತೆ. "ತೂಕ ತಪ್ಪೈತಿ ಅಂದ್ರ ತೂಕ ತಿದ್ದೂಣು ರೀ ಸರ್. ಹೊಲಿದಾಕಿನ್ನ ಯಾಕ ತಿದ್ದಬೇಕು?" ಎಂದು ಕೇಳಿದೆ. ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. ಕೆಟ್ಟ ಮನುಷ್ಯರಲ್ಲ ಯಾಡಿ, ಬಾಯಿ ಮಾತ್ರ ಮುಂದೆ. ತಮ್ಮ ಕಣ್ಣೆದುರು ಒಮ್ಮೆ ನೆಟ್ಟಗೆ ಹಾರಿದರೆ ವಿಜ್ಞಾನ ದಿನದ ಪ್ರದರ್ಶನಕ್ಕೆ ಹಾಗೆಯೇ ಒಯ್ಯಬಹುದು, ಇಲ್ಲದಿದ್ದರೆ ಬೋಳು ತಟ್ಟೆ ಎಂದರು. ಒಪ್ಪಿ ಬಂದೆ.

ಪಟ್ಟಿಯನ್ನು ಬಿಚ್ಚುವಾಗ ನಿನ್ನ ಹೊಲಿಗೆಯ ಬಿಗಿ ಗೊತ್ತಾಯಿತು, ಕತ್ತರಿಯೇ ಸೋತಿತು. ಕವಡೆ ಭಾರವೆಂದು ತೆಗೆದೆ. ಎಸೆಯಲಿಲ್ಲ, ಕಡ್ಡಿ ನಿಲ್ಲಿಸುವ ಮಣೆಗೆ ಸುತ್ತಲೂ ಕಟ್ಟಿದ್ದೇನೆ, ಅಲ್ಲಿ ಎಷ್ಟು ಭಾರವಿದ್ದರೂ ಒಳ್ಳೆಯದೇ. ದೊಡ್ಡ ಕನ್ನಡಿಗೆ ಎದುರಾಗಿ ದೊಡ್ಡದು, ಸಣ್ಣದಕ್ಕೆ ಎದುರಾಗಿ ಸಣ್ಣದು ಎಂದು ಗುರುತು ಹಾಕಿ ಹೊಲಿದೆ. ತೊಲೆಗೆ ತೂಗುಬಿಟ್ಟರೆ ಸಮನಾಗಿ ನಿಂತಿತು. ಬೀಗಿಕೊಂಡು ಹಾರಿಸಲು ಹೋದೆ, ಅರ್ಧ ದಾರಿಯಲ್ಲಿ ಪಟ್ಟಿ ಕಿತ್ತು ಮುದುಕರ ರುಮಾಲಿನ ಹಾಗೆ ಬಿಚ್ಚಿಕೊಂಡಿತು. ನಾನು ಹಾಕಿದ್ದು ಉದ್ದುದ್ದ ಹೊಲಿಗೆ, ಗಾಳಿ ಒಳಗೆ ಹೊಕ್ಕಿತ್ತು. ಕುಣಿಯಲಾರದವಳು ಅಂಗಳ ಡೊಂಕು ಎಂದ ಹಾಗೆ ದಾರ ಸರಿಯಿಲ್ಲ ಎಂದು ಬೈದೆ. ಆಮೇಲೆ ತೆಪ್ಪಗೆ ಕೂತು, ನಿನ್ನ ಹಳೆಯ ಲಂಗವೊಂದನ್ನು ಎದುರಿಗೆ ಹರವಿಕೊಂಡು, ಅದನ್ನು ನೋಡುತ್ತಾ ಮತ್ತೆ ಹೊಲಿದೆ. ಬೆರಳೆಲ್ಲ ತೂತಾಗಿವೆ. ಬೋರ್ಡಿನ ಮೇಲೆ ಬರೆಯಲು ಸೀಮೆಸುಣ್ಣ ಹಿಡಿದರೆ ಉರಿಯುತ್ತದೆ.

ನಿನ್ನೆ ಶನಿವಾರ, ಶಾಲೆ ಬಿಟ್ಟ ಮೇಲೆ ಎಲ್ಲರೂ ಅದೇ ಬಯಲಿಗೆ ಹೋದೆವು. ಗುಂಡಿ ಒತ್ತಿದೆ. ಯಾಡಿ, ಅದು ನೆಟ್ಟಗೆ ಏರಿತು. ಬುಸ್ ಎಂದು ಹೊಗೆ ಬಿಟ್ಟು ತೇಗದ ಮರಗಳ ತುದಿ ದಾಟಿತು, ಅಲ್ಲಿ ಒಂದು ಕ್ಷಣ ನಿಂತು, ಬಿಸಿಲಿಗೆ ಕನ್ನಡಿಗಳೆಲ್ಲ ಒಟ್ಟಿಗೆ ಮಿಂಚಿ, ತೂಗಾಡುತ್ತಾ ಇಳಿಯಿತು. ತಾಂಡಾದ ಹುಡುಗಿಯರು ಓಡಿಹೋಗಿ ಅದನ್ನು ಎತ್ತಿಕೊಂಡರು. ಒಬ್ಬಳು ಕರಿಬಸಪ್ಪ ಸರ್ ಹತ್ತಿರ ಒಯ್ದು, "ಸರ್, ಇಂಥಾದು ನಮ್ಮ ಮನ್ಯಾಗೂ ಹೊಲಿತಾರ್ರಿ" ಅಂದಳು. ಸರ್ ಅದನ್ನು ಎರಡೂ ಕೈಯಲ್ಲಿ ಇಸಿದುಕೊಂಡು, ಹೊಲಿಗೆಯ ಮೇಲೆ ಬೆರಳಾಡಿಸಿ, ನಿಮ್ಮ ತಾಯಿಯವರಿಗೆ ನನ್ನ ನಮಸ್ಕಾರ ತಿಳಿಸಿ ಎಂದರು. ತಿಳಿಸಿದ್ದೇನೆ. ಬೇಕಾದರೆ ತೆಗೆದುಕೋ, ಬೇಡದಿದ್ದರೆ ಬಿಡು.

ಗೋದುಬಾಯಿಯಿಂದ ಚೀಲ ವಾಪಸು ಇಸಿದುಕೋ. ಆಕೆ ಕನ್ನಡಿ ಹೊಲಿಯುವವಳಲ್ಲ, ಗುಂಡಿ ಹಚ್ಚಲೂ ದರ್ಜಿಯ ಹತ್ತಿರ ಹೋಗುವವಳು. ಮೊಣಕಾಲಿಗೆ ಬಿಸಿ ಎಣ್ಣೆ ಹಚ್ಚಿಕೋ. ಬಾಪು, ಮಂಜಿನಲ್ಲಿ ಹಳಿಯ ಮೇಲೆ ಜೋಪಾನ. ನೀವಿಬ್ಬರೂ ಬೈದರೂ ಸರಿ, ಹರಸಿದರೂ ಸರಿ, ಸುಮ್ಮನೆ ಮಾತ್ರ ಇರಬೇಡಿ.

ಇಂತಿ ನಿನ್ನ ಹಠಮಾರಿ ಮಗಳು,
ನೀಲಾ

ತಾ.ಕ.: ಬಾಳೇಶಣ್ಣ ಕಾಗದ ಒಯ್ಯಲು ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ನಿನ್ನೆ ಹಾರಿದ ತಟ್ಟೆಯಲ್ಲಿ ಒಂದು ಕನ್ನಡಿಯ ಜಾಗದಲ್ಲಿ ನಾನು ಮೇಣದ ಉಂಡೆ ಮೆತ್ತಿದ್ದೆ, ತೂಕಕ್ಕೆ. ಇವತ್ತು ಅದನ್ನು ಕೆರೆದು ತೆಗೆದಿದ್ದೇನೆ. ಈಗ ತಟ್ಟೆ ಮತ್ತೆ ಓರೆಯಾಗಿದೆ. ಆ ಜಾಗಕ್ಕೆ ನಾನು ಕೈ ಹಚ್ಚುವುದಿಲ್ಲ, ಅದು ನಿನ್ನದು. ಮೋಟಾರು ಒಂದೇ ಉಳಿದಿದೆ. ಪ್ರದರ್ಶನ ಇಪ್ಪತ್ತೆಂಟಕ್ಕೆ, ಶುಕ್ರವಾರ. ನೀನು ಬರದಿದ್ದರೆ ನಾನು ಗುಂಡಿ ಒತ್ತುವುದಿಲ್ಲ. ತಟ್ಟೆಯನ್ನು ಕಡ್ಡಿಗೆ ಏರಿಸಿ, ಎಲ್ಲರ ಮುಂದೆ, ನಮ್ಮ ಯಾಡಿ ಇನ್ನೂ ಬಂದಿಲ್ಲ ಎಂದು ಮೈಕಿನಲ್ಲಿ ಹೇಳಿ, ಅಲ್ಲೇ ಕೂತುಬಿಡುತ್ತೇನೆ.