ಬೆಣ್ಣೆ ಸವರಿದ ಕೈಗಳು

ಅಜ್ಜಿಯವರಿಗೆ ನಮಸ್ಕಾರ.

ನಿಮ್ಮ ಮಗಳು ತೀರಿಕೊಂಡ ಮೇಲೆ ನಿಮ್ಮ ಅಳಿಯನನ್ನು ಮದುವೆಯಾದವಳು ನಾನು. ನಿಮ್ಮ ಮೊಮ್ಮಗಳು ಚೆನ್ನಾಗಿದ್ದಾಳೆ.

ನಿನ್ನೆ ಮಧ್ಯಾಹ್ನ ಅವಳು ತಾನಾಗಿಯೇ ಅಡುಗೆಮನೆಗೆ ಬಂದು, "ಅಮ್ಮ ಮಾಡ್ತಿದ್ದ ಬ್ರೆಜಿಲ್ ಚಾಕೊಲೇಟ್ ಉಂಡೆ ನಿಮಗೆ ಬರುತ್ತಾ?" ಎಂದಳು.

"ಬರಲ್ಲ ಪುಟ್ಟಿ, ನೀನೇ ಹೇಳ್ಕೊಡು."

ಡಬ್ಬಿಯ ಗಟ್ಟಿಹಾಲು, ಕೋಕೋ ಪುಡಿ, ಬೆಣ್ಣೆಯನ್ನು ಸಣ್ಣ ಉರಿಯಲ್ಲಿಟ್ಟು ತಿರುವುತ್ತಾ ನಿಂತೆವು. ಕಿಟಕಿಯ ಬಿಸಿಲೂ ಅದರೊಳಗೇ ಕರಗುತ್ತಿದೆಯೇನೋ ಅನ್ನಿಸಿತು. ಪಾಕ ತಳ ಬಿಟ್ಟಾಗ, "ಸಾಕು, ಅಮ್ಮ ಇಷ್ಟಕ್ಕೇ ಇಳಿಸ್ತಿದ್ಳು," ಎಂದಳು. ಆರಿದ ಮೇಲೆ ಕೈಗೆ ಬೆಣ್ಣೆ ಸವರಿಕೊಂಡು ಗೋಲಿಯಷ್ಟು ಉಂಡೆ ಕಟ್ಟಿ, ಚಾಕೊಲೇಟ್ ಚೂರುಗಳಲ್ಲಿ ಹೊರಳಿಸಿದೆವು. ನನ್ನವು ಸೊಟ್ಟಗಾದದ್ದಕ್ಕೆ ಬಿದ್ದು ಬಿದ್ದು ನಕ್ಕಳು. ಅವಳ ನಗು ನಾನು ಕೇಳಿದ್ದು ಅದೇ ಮೊದಲು.

ನಗುವಾಗ ಕೂದಲು ಕಣ್ಣಿಗೆ ಬಿತ್ತು. ಕೈ ಅಂಟಾಗಿದ್ದರಿಂದ ನನ್ನ ಹೆಗಲಿಗೆ ಹಣೆ ಉಜ್ಜಿ ಸರಿಸಿಕೊಂಡಳು. ಆಮೇಲೆ ತಲೆಯೆತ್ತುವುದನ್ನೇ ಮರೆತಳು. ಹೆಗಲ ಮೇಲೆ ಹಕ್ಕಿ ಕೂತವಳ ಹಾಗೆ ನಾನು ಉಸಿರು ಬಿಗಿಹಿಡಿದು ಕೂತಿದ್ದೆ.

ಒಂದು ಕೋರಿಕೆ. ನಮ್ಮ ಮದುವೆಗೆ ಮುಂಚೆ ನೀವು ಗೋಡೆಯಿಂದ ಇಳಿಸಿ ಒಯ್ದ ನಿಮ್ಮ ಮಗಳ ಫೋಟೊ ದಯವಿಟ್ಟು ಕಳಿಸಿಕೊಡಿ. ನೀವೇ ತಂದು ಹಾಕಿದರೆ ಇನ್ನೂ ಸಂತೋಷ. ಆ ಮೊಳೆಗೆ ನಾನು ಬೇರೇನನ್ನೂ ನೇತುಹಾಕಿಲ್ಲ.

ಇಂತಿ,
ನಿಮ್ಮ ಮೊಮ್ಮಗಳ ಚಿಕ್ಕಮ್ಮ