ಕೆಂಪಿನ ಅಡಿಯ ಹಳದಿ

ಮಾರ್ಚ್ ೧೪, ಶುಕ್ರವಾರ

ಎರಡು ಸಲ ಸೋಪು ಹಾಕಿದರೂ ಉಗುರಿನ ಸಂದಿಯ ಕೆಂಪು ಬಣ್ಣ ಹೋಗಲಿಲ್ಲ.

ಬೆಳಿಗ್ಗೆ ನರ್ಸಮ್ಮ ಬೈಕನ್ನು ತಳ್ಳಿಕೊಂಡೇ ವರ್ಕ್‌ಶಾಪಿಗೆ ಬಂದರು. ಹೋದ ವಾರ ನಾನೇ ಲೇತಿನಲ್ಲಿ ಮಾಡಿಕೊಟ್ಟ ಹಿಂದಿನ ಚಕ್ರದ ಆಕ್ಸಲ್ ಬಾಗಿಹೋಗಿತ್ತು. "ಬೀಳಲಿಲ್ಲ, ಅಷ್ಟೇ ಪುಣ್ಯ," ಅಂದರು. ಬೈದಿದ್ದರೇ ವಾಸಿಯಿತ್ತು.

ಗಟ್ಟಿ ಉಕ್ಕಿನ ರಾಡಿನ ತುದಿಗೆ ಕೆಂಪು ಬಣ್ಣ, ಮೆದು ಉಕ್ಕಿಗೆ ಹಳದಿ. ಈ ಪದ್ಧತಿ ಮಾಡಿದ್ದೇ ಅಣ್ಣ. ಆ ಆಕ್ಸಲ್ ಮಾಡಿ ಉಳಿದಿದ್ದ ರಾಡಿನ ತುಂಡಿನ ತುದಿಯನ್ನು ಉಗುರಿನಿಂದ ಕೆರೆದೆ. ಕೆಂಪಿನ ಅಡಿಯಲ್ಲಿ ಹಳದಿ.

ಅದನ್ನು ಅಣ್ಣನ ಮುಂದೆ ಹಿಡಿದೆ. ಅವನು ಟೀ ಲೋಟ ಕೆಳಗಿಡಲೂ ಇಲ್ಲ.

"ಗಟ್ಟಿದು ಸಿಗ್ಲಿಲ್ಲ ಕಣೋ. ಆಯಮ್ಮಂಗೆ ಮಾತು ಕೊಟ್ಟಾಗಿತ್ತು."

"ನಂಗೊಂದು ಮಾತು ಹೇಳ್ಬಾರ್ದಿತ್ತಾ?"

"ಹೇಳೋದೇನು? ಇಪ್ಪತ್ತು ವರ್ಷದ ಕೈ ನಿಂದು. ಗೊತ್ತಾಗಿದೆ, ಗೊತ್ತಿದ್ದೂ ಸುಮ್ನಿದ್ದೀಯ ಅಂದ್ಕೊಂಡೆ."

ಮೋಸ ಮಾಡಿದ್ದು ಸಾಲದೆಂದು, ನನ್ನನ್ನು ಕೇಳದೆಯೇ ಅದರಲ್ಲಿ ಪಾಲುದಾರನನ್ನಾಗಿಯೂ ಮಾಡಿಕೊಂಡಿದ್ದಾನೆ!

ಆದರೆ ಆಕ್ಸಲ್ ಕಡೆದ ದಿನ ಲೇತಿನಿಂದ ಉಕ್ಕಿನ ಸಿಪ್ಪೆ ಉದ್ದುದ್ದ ಸುರುಳಿಯಾಗಿ ಎದ್ದಿತ್ತು. ಗಟ್ಟಿ ಉಕ್ಕು ಅಷ್ಟು ಸಲೀಸಾಗಿ ಬಿಟ್ಟುಕೊಡುವುದಿಲ್ಲ. ಒಂದು ಗಳಿಗೆ ಕೈ ನಿಂತಿತು. ರಾಡಿನ ತುದಿ ನೋಡಿದೆ, ಕೆಂಪಿತ್ತು. ಅಣ್ಣ ಹಚ್ಚಿದ ಕೆಂಪು ಅಂತ ಮತ್ತೆ ಲೇತ್ ಓಡಿಸಿದೆ.

ಇದನ್ನು ಅವನಿಗೆ ಹೇಳಲಿಲ್ಲ. ಹೇಳಿದರೆ, "ನೋಡು, ಗೊತ್ತಿತ್ತಲ್ಲ" ಅನ್ನುತ್ತಾನೆ. ಗೊತ್ತಿರಲಿಲ್ಲ. ನನ್ನ ಕೈಗಿಂತ ಅವನನ್ನು ಹೆಚ್ಚು ನಂಬಿದ್ದೆ, ಅಷ್ಟೇ. ನಾಳೆ ನರ್ಸಮ್ಮ ಬಂದು ಕೇಳಿದರೆ ಯಾರ ತಪ್ಪು ಅಂತ ಹೇಳಲಿ?