ಮೊದಲು ಸೊಂಟ, ಆಮೇಲೆ ಭುಜ

ಅಕ್ಕಾ,

ನೀವು ತೀರಿಕೊಂಡು ಎರಡು ವರ್ಷವಾಯಿತು. ಇವತ್ತು ಮಧ್ಯಾಹ್ನ ನಮ್ಮ ಸಂಸ್ಥೆಗೆ ಒಬ್ಬ ತರಬೇತುದಾರರು ಬಂದಿದ್ದರು. ಹಾಸಿಗೆ ಹಿಡಿದವರನ್ನು ಮನೆಮನೆಗೆ ಹೋಗಿ ನೋಡಿಕೊಳ್ಳುವ ಈ ಕೆಲಸ ಇನ್ನೂ ಹತ್ತಾರು ವರ್ಷ ನಡೆಯಬೇಕಾದರೆ ಏನು ಮಾಡಬೇಕೆಂದು ಹೇಳಿಕೊಡುವುದಕ್ಕೆ.

"ಯಾರಿಲ್ಲದಿದ್ರೆ ಇಲ್ಲಿ ಕೆಲಸ ನಿಂತುಹೋಗುತ್ತೆ? ಬರೆದುಕೊಡಿ" ಎಂದರು. ಏಳು ಚೀಟಿಯಲ್ಲೂ 'ಅಕ್ಕ' ಎಂದೇ ಇತ್ತು.

"ಅವರೆಲ್ಲಿ ಇವತ್ತು?"

ನೀವಿಲ್ಲ ಎಂದು ನಾನು ಹೇಳುವ ಮೊದಲೇ, ಹೊಲಿಗೆ ಕೆಲಸ ಬಿಟ್ಟು, ಹೋದ ತಿಂಗಳಷ್ಟೇ ನಮ್ಮಲ್ಲಿಗೆ ಸೇರಿದ ಟೈಲರಮ್ಮ ಬಾಯಿ ಬಿಟ್ಟರು. ಆಕೆ ನಿಮ್ಮನ್ನು ನೋಡಿದವರೇ ಅಲ್ಲ.

"ಅಕ್ಕ ಬೆಳಿಗ್ಗೆ ಬಂದಿದ್ರಲ್ಲ ಸಾರ್. ಮೂಲೆಮನೆ ತಾತನ್ನ ಮಗ್ಗುಲಿಗೆ ಹೊರಳಿಸೋದು ನಂಗೆ ಬರ್ತಿರ್ಲಿಲ್ಲ. ಮೊದಲು ಸೊಂಟ ಹಿಡಿ, ಆಮೇಲೆ ಭುಜ ಅಂತ ತೋರಿಸಿಕೊಟ್ರು."

ಅದು ನೀವು ನನಗೊಬ್ಬಳಿಗೇ ಕಲಿಸಿದ್ದು. ನಾನು ಯಾರಿಗೂ ಹೇಳಿಕೊಟ್ಟಿಲ್ಲ. ಉಳಿದವರಿಗೂ ಕಲಿಸು ಎಂದು ನೀವು ಹೇಳಿದಾಗಲೆಲ್ಲ, ನೀವಿದ್ದೀರಲ್ಲ ಎನ್ನುತ್ತಿದ್ದೆ. ಕೊನೆಗೆ ನೀವೇ ಹಾಸಿಗೆ ಹಿಡಿದಾಗ ನಾನು ಹತ್ತು ದಿನ ಬೇರೆ ಊರಿನ ಸಭೆಗಳಲ್ಲಿದ್ದೆ. ಆಗ ನಿಮ್ಮ ಮಗ್ಗುಲು ಬದಲಿಸಿದವರು ಯಾರು ಎಂದು ಇವತ್ತಿನವರೆಗೂ ಯಾರನ್ನೂ ಕೇಳಿಲ್ಲ.

"ಹೊಸಬರಿಗೆ ಕಲಿಸೋ ಹೊಣೆ ಯಾರು ಹೊರ್ತೀರಿ?" ತರಬೇತುದಾರರು ಪೆನ್ನು ಹಿಡಿದು ಕಾದರು.

ನಾನು ಕೈ ಎತ್ತಿದೆ. "ಒಬ್ಬರು" ಎಂದು ಅವರು ಬರೆದುಕೊಂಡರು.

ಟೈಲರಮ್ಮ ನನ್ನ ಬೆನ್ನ ಹಿಂದೆ ನೋಡುತ್ತ ಮೆಲ್ಲಗೆ ಹೇಳಿದರು, "ಇಬ್ಬರು ಸಾರ್."